ವೈಟ್‌ಫೀಲ್ಡ್, ಯಲಹಂಕ, ಎಲೆಕ್ಟ್ರಾನಿಕ್ ಸಿಟಿಯವರು ಬಸವನಗುಡಿಗೆ ಬರೋಹಾಗೆ ಮಾಡೋದು ಹೇಗೆ?

ಕಟ್ಟೆಮಾತು (ಪ್ರಶ್ನೆ)

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರ್ ಹತ್ತಿರದ ಒಂದು ಹಾಲ್‌ನಲ್ಲಿ ತಿಂಗಳಿಗೊಂದು ಕನ್ನಡ ಕಾರ್ಯಕ್ರಮ ನಡೆಯುತ್ತೆ. ಒಮ್ಮೆ ಗಮಕ, ಒಮ್ಮೆ ಸುಗಮ ಸಂಗೀತ, ಒಮ್ಮೆ ಪುಸ್ತಕದ ಬಗ್ಗೆ ಮಾತು. ಶನಿವಾರ ಸಂಜೆ 6ಕ್ಕೆ, ಪ್ರವೇಶ ಉಚಿತ. ಸದಸ್ಯರಲ್ಲಿ ಬಹಳಷ್ಟು ಜನ ಈಗ ವೈಟ್‌ಫೀಲ್ಡ್, ಕೆಂಗೇರಿ, ಯಲಹಂಕ ನ್ಯೂ ಟೌನ್, ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಮಾಡಿದ್ದಾರೆ. ವಾಟ್ಸಾಪ್‌ನಲ್ಲಿ ಕೈಮುಗಿದು "ಶುಭವಾಗಲಿ" ಅಂತಾರೆ, ಬರೋದು ಮಾತ್ರ ಇಲ್ಲ. ಕೇಳಿದರೆ "ಅಷ್ಟು ದೂರ ಯಾರ್ರೀ ಬರ್ತಾರೆ" ಅನ್ನೋದೊಂದೇ ಉತ್ತರ. ಮೆಟ್ರೋ ಬಂದ ಮೇಲೂ ಹೀಗ್ಯಾಕೆ? ಸಮಯ ಬದಲಿಸಬೇಕಾ, ಜಾಗ ಬದಲಿಸಬೇಕಾ? ಲೆಕ್ಕ ಹಾಕಿ ಹೇಳೋರು ಬೇಕು.

ಹಸಿರುನೇರಳೆ

ನೀವು ಶುರುವಾಗೋ ಹೊತ್ತು ನೋಡ್ತಿದ್ದೀರಿ. ದೂರದಲ್ಲಿರೋರು ನೋಡೋದು ಮನೆ ಸೇರೋ ಹೊತ್ತು.

ವೈಟ್‌ಫೀಲ್ಡ್ ಮೆಟ್ರೋ ನಿಲ್ದಾಣ ಇರೋ ಕಾಡುಗೋಡಿಯಿಂದ ಲೆಕ್ಕ ಹಾಕೋಣ. ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಹೆಚ್ಚುಕಮ್ಮಿ 50 ನಿಮಿಷ. ಅಲ್ಲಿ ಹಸಿರು ಮಾರ್ಗದ ಪ್ಲಾಟ್‌ಫಾರ್ಮ್ ಇನ್ನೂ ಒಂದು ಹಂತ ಕೆಳಗಿದೆ. ಇಳಿದು, ಜನರ ನಡುವೆ ನುಗ್ಗಿ, ಮುಂದಿನ ರೈಲು ಹತ್ತೋಕೆ 10 ನಿಮಿಷ ಇಟ್ಟುಕೊಳ್ಳಿ. ಅಲ್ಲಿಂದ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಮೂರೇ ಸ್ಟಾಪ್. ಇಳಿದು ಗಾಂಧಿ ಬಜಾರ್‌ಗೆ 15 ನಿಮಿಷ ನಡಿಗೆ. ಒಟ್ಟು ಒಂದೂವರೆ ಗಂಟೆಯ ಆಸುಪಾಸು. ಇದು ಹೆಚ್ಚುಕಮ್ಮಿ ಆಗದ ಭಾಗ, ಜನಕ್ಕೆ ಇದರ ಭಯ ಇಲ್ಲ.

ಭಯ ಇರೋದು ಎರಡು ತುದಿಯ ಬಗ್ಗೆ. ಮನೆಯಿಂದ ನಿಲ್ದಾಣಕ್ಕಿರೋ 3-4 ಕಿಲೋಮೀಟರ್‌ಗೆ 10 ನಿಮಿಷವೂ ಆಗಬಹುದು, 40 ನಿಮಿಷವೂ ಆಗಬಹುದು. ಹೋಗುವಾಗ ಮನೆಯವರು ಯಾರಾದರೂ ಬಿಟ್ಟು ಬರ್ತಾರೆ. ಪೇಚಾಟ ವಾಪಸ್ ಬರುವಾಗ. ನಿಮ್ಮ ಕಾರ್ಯಕ್ರಮ 8ಕ್ಕೆ ಮುಗಿಯುತ್ತೆ ಅಂತ ಆಹ್ವಾನಪತ್ರಿಕೆ ಹೇಳುತ್ತೆ. ಶಾಲು, ಹಾರ, ನೆನಪಿನ ಕಾಣಿಕೆ, ವಂದನಾರ್ಪಣೆ, ಗುಂಪು ಫೋಟೋ ಎಲ್ಲ ಮುಗಿದು ಬಾಗಿಲು ದಾಟುವಾಗ 9 ಕಾಲು. ಮೆಜೆಸ್ಟಿಕ್‌ನಿಂದ ಕೊನೇ ರೈಲು ಹನ್ನೊಂದೂವರೆ ಸುಮಾರಿಗೆ, ಹಾಗಾಗಿ ರೈಲು ತಪ್ಪೋದಿಲ್ಲ. ಆದರೆ ಕಾಡುಗೋಡಿಯಲ್ಲಿ ಇಳಿಯೋಷ್ಟರಲ್ಲಿ ಮುಕ್ಕಾಲು ಹನ್ನೊಂದು. ನಿಲ್ದಾಣದಿಂದ ಬಡಾವಣೆ ಕಡೆ ಹೋಗೋ ಫೀಡರ್ ಬಸ್ ಆಸೆ ಬಿಡಬೇಕು. ರಾತ್ರಿ 10ರ ಮೇಲೆ ಆಟೋಗೆ ಒಂದೂವರೆ ಪಟ್ಟು. ಮೀಟರ್ ಲೆಕ್ಕದಲ್ಲಿ ಮೊದಲ 2 ಕಿಲೋಮೀಟರ್‌ಗೆ 36, ಆಮೇಲೆ ಕಿಲೋಮೀಟರ್‌ಗೆ 18. ಅಂದರೆ 3 ಕಿಲೋಮೀಟರ್‌ಗೆ 54, ರಾತ್ರಿ ದರ 81. ಮೀಟರ್ ಹಾಕೋ ಆಟೋ ಸಿಕ್ಕರೆ! 2025ರ ಫೆಬ್ರವರಿ ಪರಿಷ್ಕರಣೆಯಲ್ಲಿ ಮೆಟ್ರೋ ಟಿಕೆಟ್ ಗರಿಷ್ಠ 90 ಆಯ್ತು. ಗಂಡ ಹೆಂಡತಿ ಇಬ್ಬರೂ ಆ ತುದಿಯಿಂದ ಬಂದು ಹೋದರೆ ರೈಲಿಗೇ 360ರವರೆಗೆ. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ. 5 ಕಡಿಮೆ. ಉಚಿತ ಪ್ರವೇಶ ಅಂತ ನೀವು ಹಾಕಿದ್ದು ಅವರ ಪಾಲಿಗೆ ಉಚಿತ ಅಲ್ಲ.

ಎಲೆಕ್ಟ್ರಾನಿಕ್ ಸಿಟಿಯವರದ್ದು ಈಗ ಸುಲಭ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ದಾಟಿ ನ್ಯಾಷನಲ್ ಕಾಲೇಜು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು ಇತ್ತು. ಆಗ ಒಮ್ಮೆ ಕಾದು ಬೇಸತ್ತವರು ಇವತ್ತಿಗೂ ಅದೇ ಲೆಕ್ಕದಲ್ಲಿದ್ದಾರೆ. ಈಗ ರೈಲು ಹೆಚ್ಚಾಗಿದೆ, ಅಂತರ ಇಳಿದಿದೆ ಅಂತ ಅವರಿಗೆ ತಿಳಿಸಿ.

ಮೂರನೇ ಬೆಲ್

ಮೇಲಿನವರು ಹೇಳಿದ್ದು ಸರಿ. ಅದನ್ನು ಸಂಘಟಕರ ಕಡೆಯಿಂದ ಹೇಳ್ತೀನಿ: ಭಾನುವಾರ ಬೆಳಿಗ್ಗೆ 10:30ರಿಂದ 12:45. ಮುಗಿಯೋ ಹೊತ್ತನ್ನ ಆಹ್ವಾನಪತ್ರಿಕೆಯಲ್ಲಿ ಶುರುವಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ, ಆ ಹೊತ್ತಿಗೇ ಮುಗಿಸಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡೋದಿಲ್ಲ ಅನ್ನೋದು ಊರಿಗೆಲ್ಲ ಗೊತ್ತು, ಅದಕ್ಕೇ ಜನ ಮುಂಚೆ ಹೋಗ್ತಾರೆ. ಮುಗಿಸೋದರಲ್ಲೂ ಅಂಥ ಶಿಸ್ತು ಬೇಕು. ಸನ್ಮಾನವನ್ನ ಮಧ್ಯಕ್ಕೆ ತನ್ನಿ, ವಂದನಾರ್ಪಣೆಗೆ ಎರಡು ನಿಮಿಷ, ಹೆಸರುಗಳ ಪಟ್ಟಿ ಓದೋದು ಬೇಡ. ಅತಿಥಿ ತಡವಾದರೆ ಅವರಿಗೆ ಕಾಯದೆ ಹಾಡು ಶುರುಮಾಡಿ. ಒಂದು ಸಲ ಮುಕ್ಕಾಲು ಗಂಟೆ ಎಳೆದರೆ ಮೂರು ತಿಂಗಳು ದೂರದವರು ಬರೋದಿಲ್ಲ.

ಭಾನುವಾರ ಮೆಟ್ರೋ ಶುರುವಾಗೋದೇ ಬೆಳಿಗ್ಗೆ 7ಕ್ಕೆ. 10:30ಕ್ಕೆ ಇದು ಅಡ್ಡಿಯಲ್ಲ, ಆದರೆ ಬೆಳಿಗ್ಗೆ ಬೇಗ ಬಂದು ವೇದಿಕೆ ಕಟ್ಟೋರು ನೆನಪಿಡಬೇಕು. ಮದುವೆ ಮುಹೂರ್ತ ಇರೋ ಭಾನುವಾರ ಪಂಚಾಂಗ ನೋಡಿ ಬಿಟ್ಟುಬಿಡಿ. ಆ ದಿನ ನಿಮ್ಮ ಸಭಿಕರೆಲ್ಲ ಕಲ್ಯಾಣಮಂಟಪದಲ್ಲಿರ್ತಾರೆ.

ಊಟ ಕೊಡಿ, ದೊಡ್ಡದಾಗಿ ಬೇಡ. ಪುಳಿಯೋಗರೆ, ಮೊಸರನ್ನ, ಬಾಳೆಹಣ್ಣು ಸಾಕು. ನೂರು ಜನಕ್ಕೆ ಪುಳಿಯೋಗರೆಗೆ 6 ಕಿಲೋ, ಮೊಸರನ್ನಕ್ಕೆ 5 ಕಿಲೋ ಅಕ್ಕಿ ಹಿಡಿಯಿರಿ. ಮೊಸರನ್ನ ಬೆಳಿಗ್ಗೆಯೇ ಕಲಸೋದಾದರೆ ಅರ್ಧ ಹಾಲು ಹಾಕಿ, ಇಲ್ಲದಿದ್ದರೆ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಹುಳಿಯೂ ಹೌದು, ಗಟ್ಟಿಯೂ ಹೌದು. ಮನೆಗೆ ಹೋಗಿ ಮೂರು ಗಂಟೆಗೆ ಊಟ ಅನ್ನೋದು ಸಕ್ಕರೆ ಕಾಯಿಲೆಯವರಿಗೆ ಆಗದ ಮಾತು, ಬಾರದಿರೋದಕ್ಕೆ ಅದೂ ಒಂದು ಕಾರಣ. ಬಂದವರು ಊಟ ಮುಗಿಸಿ ಗಾಂಧಿ ಬಜಾರಲ್ಲಿ ಒಂದೆರಡು ಕೆಲಸ ಮಾಡ್ಕೊಂಡು ಹೋದರೆ ಬಂದಿದ್ದಕ್ಕೆ ಸಾರ್ಥಕ ಅನ್ನಿಸುತ್ತೆ. (ಚಿಕ್ಕಪೇಟೆ ಆಸೆ ತೋರಿಸಬೇಡಿ, ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತೆ.)

"ವಾಹನ ನಿಲುಗಡೆ ಉಂಟು" ಅಂತ ಆರು ಕಾರಿನ ಜಾಗ ಇಟ್ಕೊಂಡು ಹಾಕಬೇಡಿ. ಏಳನೆಯವರು ಒನ್‌ವೇಗಳಲ್ಲಿ ಅರ್ಧ ಗಂಟೆ ಸುತ್ತಿ ಹಾಗೇ ವಾಪಸ್ ಹೋಗ್ತಾರೆ. "ನ್ಯಾಷನಲ್ ಕಾಲೇಜು ನಿಲ್ದಾಣದಿಂದ ನಡೆದು 15 ನಿಮಿಷ" ಅಂತ ಬರೆಯಿರಿ. ಮ್ಯಾಪ್ ಪಿನ್ನನ್ನ ಮುಂದಿನ ಗೇಟಿನ ಎದುರು ನಿಂತು ಹಾಕಿ. ಹಿಂದಿನ ರಸ್ತೆಗೆ ಬಿದ್ದರೆ ಆಟೋದವನು ಅಲ್ಲೇ ಇಳಿಸಿ ಹೊರಟುಹೋಗ್ತಾನೆ. ಮಂಡಿನೋವಿನವರಿಗಾಗಿ ನಿಲ್ದಾಣದಿಂದ ಹಾಲ್‌ಗೆ ಬೆಳಿಗ್ಗೆ 10ಕ್ಕೊಂದು, 10:15ಕ್ಕೊಂದು ಆಟೋ ಗೊತ್ತು ಮಾಡಿ. ಖರ್ಚು ನಿಮ್ಮ ಹಾರಗಳಿಗಿಂತ ಕಡಿಮೆ.

ಟವರ್ ಸಿ ಲಿಫ್ಟ್

ಎಲ್ಲ ಸರಿ, ಒಂದು ಮಾತು ಬಿಟ್ಟಿದ್ದೀರಿ. ನಮ್ಮಂಥ ದೂರದ ಅಪಾರ್ಟ್‌ಮೆಂಟ್‌ಗಳಲ್ಲಿರೋರಿಗೆ ಪೇಟೆ ಕಡೆ ಕೆಲಸವೇ ಉಳಿದಿಲ್ಲ. ಆಸ್ಪತ್ರೆ, ಸೀರೆ ಅಂಗಡಿ, ಸಿನಿಮಾ, ಬ್ಯಾಂಕ್ ಎಲ್ಲ ಕಾಲಬುಡದಲ್ಲಿ. ಭಾನುವಾರ ಬೆಳಿಗ್ಗೆ ಮಕ್ಕಳ ಈಜು, ಚೆಸ್, ಕೀಬೋರ್ಡ್. ನಿವೃತ್ತರು ಬರಬಹುದು, 40ರ ಒಳಗಿನವರು ಬರೋದಿಲ್ಲ ಅಂತಲೇ ಲೆಕ್ಕ ಹಾಕಿ. ಮೂರರಲ್ಲಿ ಒಂದು ಕಾರ್ಯಕ್ರಮ ಈ ಕಡೆ ತನ್ನಿ.

ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್ ಬಿಟ್ಟಿ ಸಿಗುತ್ತೆ ಅಂತ ಹೋದರೆ ಗೇಟಲ್ಲೇ ತಾಪತ್ರಯ. ಹೊರಗಿನ 60 ಜನರಿಗೆ ಒಬ್ಬೊಬ್ಬರಿಗೂ ಆ್ಯಪ್‌ನಲ್ಲಿ ಅನುಮತಿ ಒತ್ತಬೇಕು. ಸೆಕ್ಯೂರಿಟಿಯವನು ಫೋನ್ ಮಾಡ್ತಾನೆ, ಆತಿಥೇಯರ ಫೋನ್ ಸೈಲೆಂಟ್‌ನಲ್ಲಿರುತ್ತೆ, ಹಾಡುಗಾರರೇ ಹೊರಗೆ ನಿಂತಿರ್ತಾರೆ. ಸಂಘದ ಕಮಿಟಿಗೆ ಹದಿನೈದು ದಿನ ಮುಂಚೆ ಪತ್ರ, ಹಿಂದಿನ ದಿನ ಹೆಸರು ಮತ್ತು ಗಾಡಿ ನಂಬರ್ ಪಟ್ಟಿ, ಗೇಟಲ್ಲಿ ನಿಮ್ಮವರೊಬ್ಬರು, ಇಷ್ಟಿದ್ದರೆ ನಡೆಯುತ್ತೆ. ಅದಕ್ಕಿಂತ ನಿಲ್ದಾಣಕ್ಕೆ ಹತ್ತಿರದ ಶಾಲೆಯ ಹಾಲ್ ಒಳ್ಳೇದು. ಬಯಲಲ್ಲಿ ಮಾಡೋದಾದರೆ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್ ಮಿತಿ, ರಾತ್ರಿ 10ರ ಮೇಲೆ ಧ್ವನಿವರ್ಧಕ ನಿಷಿದ್ಧ. ಎರಡನೇ ಮಹಡಿಯಿಂದ ದೂರು ಬರೋದಕ್ಕೆ 10 ಗಂಟೆಯೂ ಆಗಬೇಕಿಲ್ಲ.

ಕೋಗಿಲು ಕ್ರಾಸ್

ಯಲಹಂಕದ ಲೆಕ್ಕ ಬೇರೆ. ಇಲ್ಲಿಗೆ ಮೆಟ್ರೋ ಇಲ್ಲ, ನೀಲಿ ಮಾರ್ಗದ ಕಾಮಗಾರಿ ನಡೀತಿದೆ. ಬಸ್ಸಿಗೆ ಹೆಬ್ಬಾಳದ ಟ್ರಾಫಿಕ್ಕೇ ತೊಡಕು: ಭಾನುವಾರ ಬೆಳಿಗ್ಗೆ ಸಲೀಸು, ಶನಿವಾರ ಸಂಜೆ ದೇವರೇ ಗತಿ. ಯಲಹಂಕದಿಂದ ಯಶವಂತಪುರಕ್ಕೆ ರೈಲು ಹೊಂದಿಕೊಂಡರೆ ಹೆಬ್ಬಾಳ ತಪ್ಪುತ್ತೆ, ಯಶವಂತಪುರದಲ್ಲಿ ಹಸಿರು ಮಾರ್ಗ ಹತ್ತಿದರೆ ಬದಲಿಸದೆ ನ್ಯಾಷನಲ್ ಕಾಲೇಜು. ಆದರೆ ರೈಲುಗಳ ನಡುವೆ ಅಂತರ ದೊಡ್ಡದು, ವೇಳಾಪಟ್ಟಿ ನೋಡಿಯೇ ಹೊರಡಬೇಕು. ನಮ್ಮ ಕಡೆಯವರು ನಿಜವಾಗಿ ಬೇಕು ಅಂದರೆ ವರ್ಷಕ್ಕೆರಡು ಸಲ ಮಲ್ಲೇಶ್ವರದಲ್ಲಿ ಮಾಡಿ, ಸೇವಾಸದನದಂಥ ಹಾಲ್‌ನಲ್ಲಿ. ಹೆಂಗಸರಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಮೇಕ್ರಿ ಸರ್ಕಲ್‌ವರೆಗೆ ಬಂದರೆ ಉಳಿದದ್ದು ಆಟೋದಲ್ಲಿ ಆಗುತ್ತೆ.

ಕಟ್ಟೆಮಾತು

ಭಾನುವಾರ 10:30 ಮಾಡಿ ನೋಡ್ತೀವಿ, ಮುಗಿಯೋ ಹೊತ್ತು ಪತ್ರಿಕೆಯಲ್ಲಿ ಹಾಕ್ತೀವಿ. ಊಟಕ್ಕೆ ತಲೆ ಎಣಿಸೋದು ಹೇಗೆ? ಗುಂಪಲ್ಲಿ "ಬರ್ತೀನಿ" ಅಂದವರೆಲ್ಲ ಬರ್ತಾರಾ?

ಮೂರನೇ ಬೆಲ್

ಬರೋದಿಲ್ಲ. ಗುರುವಾರ ಕೇಳಿದ ಸಂಖ್ಯೆ ನಂಬಬೇಡಿ. ಶನಿವಾರ ಸಂಜೆ 5ಕ್ಕೆ "ಊಟಕ್ಕೆ ಎಷ್ಟು ಜನ, ಯಾವ ನಿಲ್ದಾಣದಿಂದ" ಅಂತ ಪೋಲ್ ಹಾಕಿ, 8ಕ್ಕೆ ಮುಚ್ಚಿ. ದೂರದಿಂದ ಹೌದು ಅಂದವರಲ್ಲಿ ಮೂರರಲ್ಲಿ ಎರಡು ಹಿಡಿಯಿರಿ, ಬಸವನಗುಡಿಯವರಿಗೆ ಒಂದೂಕಾಲು ಪಟ್ಟು. ಊಟ ಅಂದರೆ ಪಕ್ಕದ ಬೀದಿಯವರು ಹೇಳದೆಯೂ ಬರ್ತಾರೆ.