ಸಹಾಯ ಬೇಕು: ‘ದಿ ಕೊರಿಯರ್’ ಸಿನಿಮಾದ ಹಿನ್ನೆಲೆ ಹೇಳೋರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಮುಂದಿನ ಭಾನುವಾರ ಸಂಜೆ ‘ದಿ ಕೊರಿಯರ್’ ತೋರಿಸುತ್ತಿದ್ದೇವೆ. ಬೆನೆಡಿಕ್ಟ್ ಕಂಬರ್‌ಬ್ಯಾಚ್ ನಟಿಸಿರುವ ಗೂಢಚಾರರ ಸಿನಿಮಾ. ಸೋವಿಯತ್ ಕರ್ನಲ್ ಒಲೆಗ್ ಪೆಂಕೋವ್‌ಸ್ಕಿ ಕೊಟ್ಟ ರಹಸ್ಯಗಳನ್ನು ಗ್ರೆವಿಲ್ ವಿನ್ ಎಂಬ ಬ್ರಿಟಿಷ್ ವ್ಯಾಪಾರಿ ಲಂಡನ್‌ಗೆ ಸಾಗಿಸಿದ ನಿಜ ಕಥೆ.

ಬರುವವರಲ್ಲಿ ಪಿಯುಸಿ ಮಕ್ಕಳೇ ಜಾಸ್ತಿ. ಶೀತಲ ಸಮರ ಅಂದ್ರೆ ಅವರಿಗೆ ಪಠ್ಯದ ಒಂದು ಪಾಠ, ಅಷ್ಟೇ. ಅದಕ್ಕೇ ಸಿನಿಮಾಗೆ ಮೊದಲು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡುವವರು ಬೇಕು. 1962ರ ಅಕ್ಟೋಬರ್‌ನಲ್ಲಿ ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ಕ್ಯೂಬಾದ ಮೇಲೆ ತೆಗೆದ ಫೋಟೋಗಳಲ್ಲಿದ್ದದ್ದು ಯಾವ ಕ್ಷಿಪಣಿ ಅಂತ ಗುರುತಿಸಲು ಪೆಂಕೋವ್‌ಸ್ಕಿ ಕೊಟ್ಟಿದ್ದ ಸೋವಿಯತ್ ಕ್ಷಿಪಣಿಗಳ ಕೈಪಿಡಿಗಳು ಹೇಗೆ ನೆರವಾದವು? ಇದನ್ನು ಸರಳವಾಗಿ ಹೇಳಿದರೆ ಸಾಕು. ಸುಮ್ನೆ ಇಸವಿಗಳ ಪಟ್ಟಿ ಬೇಡ, ಮಕ್ಕಳು ಮೊಬೈಲ್ ತೆಗೆದುಬಿಡ್ತಾರೆ.

ಮಾಸ್ಕೋದ ಪಾರ್ಕ್‌ನಲ್ಲಿ ಬ್ರಿಟಿಷ್ ಗೂಢಚಾರನ ಹೆಂಡತಿ ಜಾನೆಟ್ ಚಿಶೋಮ್ ಮಕ್ಕಳ ಜೊತೆ ಕೂತಿರುತ್ತಿದ್ದರಂತಲ್ಲ? ಪೆಂಕೋವ್‌ಸ್ಕಿ ಬಂದು ಮಗುವಿಗೆ ಮಿಠಾಯಿ ಡಬ್ಬಿ ಕೊಡೋದು, ಅದರೊಳಗೆ ಫಿಲ್ಮ್ ರೋಲ್! ನನಗಂತೂ ಸಿನಿಮಾಗಿಂತ ಇದೇ ರೋಚಕ. ಇಂಥದ್ದು ಇನ್ನೆರಡು ಸೇರಿಸಿದರೆ ಇನ್ನೂ ಚೆನ್ನ.

ಇತಿಹಾಸ ಪಾಠ ಮಾಡುವ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಸಂಭಾವನೆ ಕೊಡೋಕೆ ಆಗಲ್ಲ, ಕಾಫಿ ಮತ್ತು ಬಿಸಿ ಬೋಂಡ ಖಂಡಿತ.