ಜಿಯಾಲಜಿ ಮಕ್ಕಳಿಂದ ವೆಬ್ ಪೇಜ್ ಮಾಡಿಸಿದವರು ಇದ್ದೀರಾ?

ಕುಂಬ್ಳೆ_ಟೀಚರ್:
ನಮಸ್ಕಾರ ಎಲ್ರಿಗೂ. ಕಾಸರಗೋಡಿನಲ್ಲಿ ಬಿಎಸ್ಸಿ ಸೆಕೆಂಡ್ ಇಯರ್‌ನವರಿಗೆ ಜಿಯಾಲಜಿ ತೆಗೊಳ್ತೇನೆ. ಅಸೈನ್‌ಮೆಂಟ್ ಕೊಟ್ರೆ ಎಲ್ಲರದ್ದೂ ನೆಟ್ಟಿಂದ ಎತ್ತಿದ ಅದೇ ಪ್ಯಾರಾ, ಹಿಮಾಲಯ ಉಂಟು ಹವಾಯಿ ಉಂಟು, ನಮ್ಮ ಕಾಲ ಕೆಳಗೇ ಇರುವ ಮುರಕಲ್ಲಿನ (ಕೆಂಪುಕಲ್ಲಿನ) ಬಗ್ಗೆ ಒಂದು ಸಾಲಿಲ್ಲ. ಈ ಸಲ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಜಾಗ ಕೊಟ್ಟು ವೆಬ್ ಪೇಜ್ ಮಾಡಿಸುವ ಅಂತ ಇದ್ದೇನೆ. ಕೋಡಿಂಗ್ ಯಾರಿಗೂ ಬರುದಿಲ್ಲ. ಮಾರ್ಕ್ ಯಾವುದಕ್ಕೆ ಕೊಡುದು?

ಪದವಿನ_ಹುಡುಗ:
ಕೋಡಿಂಗ್ ಬೇಡವೇ ಬೇಡ ಟೀಚರ್, ಗೂಗಲ್ ಸೈಟ್ಸ್ ಸಾಕು, ಮೊಬೈಲಲ್ಲಿ ತೆಗೆದ ಫೋಟೋ ಹಾಕಿದ್ರಾಯ್ತು. ಆದ್ರೆ ಪೇಜ್ ಚಂದ ಉಂಟು ಅಂತ ಮಾರ್ಕ್ ಕೊಡ್ಬೇಡಿ, ಕೊಟ್ರೆ ಮಕ್ಕಳು ಬಣ್ಣ ಫಾಂಟ್ ಹುಡುಕಿಕೊಂಡೇ ಕೂತ್ಕೊಳ್ತಾರೆ. ಒಂದು ಕೆಂಪುಕಲ್ಲಿನ ಕೋರೆಗೆ ಕರ್ಕೊಂಡು ಹೋಗಿ ಗೋಡೆ ಎದುರು ನಿಲ್ಲಿಸಿ: ಮೇಲೆ ತೂತು ತೂತಿನ ಗಟ್ಟಿ ಕಲ್ಲು, ಕೆಳಗೆ ಬಂದ ಹಾಗೆ ಮೆತ್ತಗಾಗಿ ಕೆಂಪು ಹಳದಿ ಮಚ್ಚೆ, ಅದರಡಿ ಬಿಳಿ ಜೇಡಿ. ಅದನ್ನು ಕೈಯಲ್ಲೇ ಬಿಡಿಸಲಿ, ಟೇಪ್ ಹಿಡಿದು ಅಳೆಯಲಿ, ಗಾತ್ರ ಗೊತ್ತಾಗ್ಲಿಕ್ಕೆ ಫೋಟೋದಲ್ಲಿ ಸುತ್ತಿಗೆಯೋ ಸ್ಕೇಲೋ ಇರ್ಲೇಬೇಕು. ಮಳೆನೀರು ಸಿಲಿಕಾ ಕರಗಿಸಿ ಕೊಂಡುಹೋಗಿ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡ್ ಉಳಿದದ್ದೇ ಈ ಕಲ್ಲು ಅಂತ ಆ ಗೋಡೆ ತೋರಿಸಿಯೇ ವಿವರಿಸಲಿ. ಮಾರ್ಕ್ ಅದಕ್ಕೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಅಂತ ಸ್ಕಾಟ್ಲೆಂಡಿನ ಒಬ್ಬ ಸರ್ವೇಯವ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಮಲಪ್ಪುರಂ ಕಡೆಯ ಅಂಗಾಡಿಪ್ಪುರಂನ ಕಲ್ಲು ನೋಡಿ, ಇಲ್ಲಿಂದ ಅದೇನು ದೂರ? ನಮ್ಮ ಬೇಕಲ ಕೋಟೆ ಕಟ್ಟಿದ್ದೂ ಇದೇ ಕಲ್ಲಲ್ಲಿ.

ಬಾಯಾರು_ಭಟ್ರು:
ಒಂದು ಗುಂಪಿಗೆ ಸುರಂಗ ಕೊಡಿ ಟೀಚರೇ, ನೀರಿಗೆ ಅಂತ ಗುಡ್ಡೆಯ ಒಳಗೆ ಅಡ್ಡಕ್ಕೆ ತೋಡುದು ಉಂಟಲ್ಲ, ಅದು. ನಮ್ಮ ಕಡೆ ಈಗ್ಲೂ ತೋಟಕ್ಕೆ ಸುರಂಗದ ನೀರು ಬಿಡುವ ಮನೆಗಳುಂಟು. ಗುಡ್ಡೆಯಲ್ಲಿ ಇಂಗಿದ ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಜೇಡಿ ಸಿಕ್ಕಿದಲ್ಲಿ ಅಡ್ಡಕ್ಕೆ ಹರಿಯುತ್ತದೆ, ಸುರಂಗ ತೋಡುವವರು ಮಣ್ಣಿನ ಬಣ್ಣ, ಪಸೆ ನೋಡಿಯೇ ದಿಕ್ಕು ಹಿಡಿಯುದು. ಅಂಥ ಹಿರಿಯರ ಮಾತು ರೆಕಾರ್ಡ್ ಮಾಡಿ ಪೇಜಿಗೆ ಹಾಕಿದ್ರೆ ಯಾವ ಟೆಕ್ಸ್ಟ್‌ಬುಕ್ಕಿಗೂ ಕಮ್ಮಿ ಇಲ್ಲ. ಆದ್ರೆ ಮನೆಯವರ ಒಪ್ಪಿಗೆ ಬೇಕು, ಮಕ್ಕಳನ್ನು ಒಳಗೆ ಬಿಡ್ಬೇಡಿ, ಮಣ್ಣು ಕುಸಿದ್ರೆ ಕಷ್ಟ. ಮ್ಯಾಪಲ್ಲಿ ಮನೆಯ ಲೊಕೇಶನ್ ಹಾಕುದೂ ಬೇಡ.

ಮ್ಯಾಪ್_ಅಕ್ಕ:
ಜಿಯಾಲಜಿಕಲ್ ಸರ್ವೇಯವರ ಭೂಕೋಶ್ ಪೋರ್ಟಲಲ್ಲಿ ಮ್ಯಾಪ್ ಸಿಗ್ತದೆ, ಅದರಲ್ಲಿ ಇರುವುದಕ್ಕೂ ಮಕ್ಕಳು ಕಂಡದ್ದಕ್ಕೂ ತಾಳೆ ಹಾಕಿಸಿ. ಒಂದು ಗುಂಪಿನ ಪೇಜ್ ಹಿಡ್ಕೊಂಡು ಇನ್ನೊಂದು ಗುಂಪು ಅದೇ ಜಾಗಕ್ಕೆ ಹೋಗಿ ನೋಡಿ ಬರ್ಲಿ, ಬರೆದದ್ದು ಅಲ್ಲಿ ಕಾಣದಿದ್ರೆ ತಿದ್ದಿಸಿ. ಬರುವ ವರ್ಷದವರು ಹೊಸತು ಶುರು ಮಾಡುದು ಬೇಡ, ಇದೇ ಪೇಜ್ ಮುಂದುವರಿಸಲಿ.

ಕುಂಬ್ಳೆ_ಟೀಚರ್:
ತುಂಬಾ ಉಪಕಾರ ಆಯ್ತು. ಮಳೆ ಬಿಟ್ಟ ಕೂಡ್ಲೆ ಕೋರೆಯಿಂದಲೇ ಶುರು ಮಾಡ್ತೇನೆ. ಭಟ್ರೇ, ಸುರಂಗ ತೋಡಿದ ಹಿರಿಯರು ಯಾರಾದ್ರೂ ಮಕ್ಕಳ ಹತ್ರ ಮಾತಾಡ್ಲಿಕ್ಕೆ ಒಪ್ಪಿದ್ರೆ ಮೆಸೇಜ್ ಮಾಡ್ತೀರಾ?