ಸಹಾಯ ಬೇಕು: ಸ್ಟುಟ್‌ಗಾರ್ಟ್‌ನಿಂದ ನ್ಯೂರ್ಬರ್ಗ್‌ರಿಂಗ್‌ಗೆ ಕಾರಲ್ಲಿ

ಜರ್ಮನಿಯಲ್ಲಿರೋ ಕನ್ನಡಿಗರೇ, ಸ್ವಲ್ಪ ಸಲಹೆ ಕೊಡಿ. ಬೆಂಗಳೂರಿಂದ ತಮ್ಮ ಬರ್ತಿದ್ದಾನೆ. ಎ61 ಹೆದ್ದಾರಿ ಹಿಡಿದು ನ್ಯೂರ್ಬರ್ಗ್‌ರಿಂಗ್ ಅನ್ನೋ ಕಾರ್ ರೇಸ್ ಟ್ರ್ಯಾಕಿಗೆ ಹೋಗಿ, ಅಲ್ಲಿನ 20.8 ಕಿ.ಮೀ. ಉದ್ದದ ನಾರ್ಡ್‌ಶ್ಲೈಫೆ ಅನ್ನೋ ಸುತ್ತುದಾರಿಯಲ್ಲಿ ಒಂದು ಸುತ್ತು ಹೊಡೀಲೇಬೇಕು ಅಂತ ಅವನ ಹಟ.

ನಮ್ಮ ಬಾಡಿಗೆ ಕಾರನ್ನ ಟ್ರ್ಯಾಕಿಗೆ ಇಳಿಸಿದ್ರೆ ವಿಮೆ ಇಲ್ಲ ಅಂತ ಕರಾರಿನಲ್ಲೇ ಇದೆ. ರಿಂಗ್ ಪಕ್ಕದಲ್ಲಿ ಟ್ರ್ಯಾಕಿಗೆಂದೇ ಸಜ್ಜು ಮಾಡಿದ ಕಾರು ಕೊಡ್ತಾರಲ್ಲ, ಯಾರಾದ್ರೂ ತಗೊಂಡಿದ್ದೀರಾ? ಗುದ್ದಿದ್ರೆ ಕೈಯಿಂದ ಎಷ್ಟು ಕಟ್ಟಬೇಕು? ಪಕ್ಕದ ಕಬ್ಬಿಣದ ತಡೆಬೇಲಿ ಹಾಳಾದ್ರೆ ಅದರ ದುಡ್ಡೂ ನಮ್ಮ ತಲೆ ಮೇಲೇ ಅಂತೆ.

ಆಟೋಬಾನಲ್ಲಿ (ಇಲ್ಲಿನ ಹೆದ್ದಾರಿ) ಗಂಟೆಗೆ 200 ಕಿ.ಮೀ. ಮುಟ್ಟೋ ಆಸೆ ಬೇರೆ! ಸಲಹಾ ವೇಗ 130 ದಾಟಿದಾಗ ಅಪಘಾತವಾದ್ರೆ ತಪ್ಪಿನ ಪಾಲು ನಮಗೂ ಬರಬಹುದು ಅಂದ್ರೂ ಕೇಳ್ತಿಲ್ಲ. (ಬಲಗಡೆಯಿಂದ ಓವರ್‌ಟೇಕ್ ಮಾಡೋ ಹಾಗಿಲ್ಲ ಅಂತ ಮೊದಲೇ ಹೇಳಿದೀನಿ.) ಭಾನುವಾರ ದೊಡ್ಡ ಲಾರಿಗಳಿಗೆ ನಿಷೇಧ, ರಸ್ತೆ ಖಾಲಿ, ಆದ್ರೆ ಟ್ರ್ಯಾಕಲ್ಲಿ ಜಾತ್ರೆ. ವಾರದ ನಡುವಿನ ಸಂಜೆ ವಾಸೀನಾ? ಹೋಗಿ ಬಂದವರು ಹೇಳಿ.